ಸಾವಿರ ಗುಂಡುಗಳ ಪೆಟ್ಟಿಗೆ

ಅಮೆರಿಕದಲ್ಲಿ ಪಿಸ್ತೂಲು ಹಿಡಿದು ಗುರಿ ಅಭ್ಯಾಸ ಮಾಡುವವರು ಹೆಚ್ಚಾಗಿ ಬಳಸುವುದು 9 ಮಿಲಿಮೀಟರ್ ಗುಂಡನ್ನು. ಸೀಸದ ತಿರುಳು, ಅದರ ಮೇಲೆ ತಾಮ್ರದ ತೆಳು ಹೊದಿಕೆ, ಹಿಂದೆ ಹಿತ್ತಾಳೆಯ ಕೊಳವೆ. ಹಾರಿಹೋಗುವ ಭಾಗದ ತೂಕ ಸಾಮಾನ್ಯವಾಗಿ 115 ಗ್ರೇನ್, ನಮ್ಮ ಲೆಕ್ಕದಲ್ಲಿ ಏಳೂವರೆ ಗ್ರಾಂ. ಐವತ್ತು ಗುಂಡಿಗೆ ಒಂದು ಡಬ್ಬಿ, ಇಪ್ಪತ್ತು ಡಬ್ಬಿಗೆ ಒಂದು ಪೆಟ್ಟಿಗೆ. ಸಾವಿರ ಗುಂಡುಗಳ ಆ ಪೆಟ್ಟಿಗೆ ಹನ್ನೆರಡು ಕಿಲೋ ಆಸುಪಾಸು ತೂಗುತ್ತದೆ. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಇಪ್ಪತ್ತೊಂದು ವರ್ಷ ತುಂಬಿದವರು ಅದಕ್ಕೆ ಆನ್‌ಲೈನಿನಲ್ಲಿ ಹಣ ಕಟ್ಟಿ ಮನೆ ಬಾಗಿಲಿಗೇ ತರಿಸಿಕೊಳ್ಳಬಹುದು. ಬಂದೂಕು ಮಾರುವಾಗ ಅಂಗಡಿಯವನು ಮಾಡಲೇಬೇಕಾದ ಹಿನ್ನೆಲೆ ತಪಾಸಣೆ ಗುಂಡಿಗೆ ಅನ್ವಯಿಸುವುದಿಲ್ಲ. ಗುಂಡಿನ ಪ್ರತಿ ಖರೀದಿಗೂ ಇಂಥ ತಪಾಸಣೆ ತಂದ ಮೊದಲ ರಾಜ್ಯ ಕ್ಯಾಲಿಫೋರ್ನಿಯಾ. 2016ರಲ್ಲಿ ಮತದಾರರು 63ನೇ ಪ್ರಸ್ತಾವವನ್ನು ಒಪ್ಪಿದರು. 2019ರ ಜುಲೈ 1ರಿಂದ ಗುಂಡಿನ ಪ್ರತಿ ಖರೀದಿಗೂ ತಪಾಸಣೆ ಕಡ್ಡಾಯವಾಯಿತು, ಆನ್‌ಲೈನಿನಲ್ಲಿ ಕೊಂಡದ್ದು ಪರವಾನಗಿ ಪಡೆದ ವ್ಯಾಪಾರಿಯ ಮೂಲಕವೇ ಕೈಸೇರಬೇಕಾಯಿತು. 2023ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಕೂಡ ಗುಂಡಿನ ಖರೀದಿಗೆ ತಪಾಸಣೆ ತಂದಿತು.

ಗುರಿ ಅಭ್ಯಾಸಕ್ಕೆಂದು ಸಗಟಾಗಿ ಗುಂಡು ಕೊಳ್ಳುವವರನ್ನು ಸರ್ಕಾರ ಎಲ್ಲಿಯವರೆಗೆ ತಡೆದು ಕೇಳಬಹುದು ಎಂಬುದು ಪ್ರಶ್ನೆ. ಬಂದೂಕು ಬೇಕೋ ಬೇಡವೋ ಎಂಬ ದೊಡ್ಡ ಜಗಳದ ಗದ್ದಲದಲ್ಲಿ ಇದು ಮುಚ್ಚಿಹೋಗುತ್ತದೆ. ಆದರೆ ಪ್ರಾಮಾಣಿಕರಾದ ಇಬ್ಬರು ಇಲ್ಲಿ ಬೇರೆ ಬೇರೆ ತೀರ್ಮಾನಕ್ಕೆ ಬರಲು ಸಾಕಷ್ಟು ಕಾರಣಗಳಿವೆ, ಮತ್ತು ಆ ಕಾರಣಗಳು ನಮ್ಮ ದೇಶದ ಶೂಟರುಗಳಿಗೂ ತಟ್ಟುತ್ತವೆ.

ಈ ವಾದ ಹೊಸದೇನೂ ಅಲ್ಲ. ರಾಬರ್ಟ್ ಕೆನೆಡಿ ಮತ್ತು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಗಳು ನಡೆದ 1968ರಲ್ಲೇ ಅಮೆರಿಕದ ಕಾಂಗ್ರೆಸ್ಸು ಗುಂಡಿನ ಮಾರಾಟಕ್ಕೆ ಲೆಕ್ಕಪುಸ್ತಕ ಕಡ್ಡಾಯ ಮಾಡಿತ್ತು. ಅಂಗಡಿಯವನು ಕೊಂಡವರ ಹೆಸರು, ವಿಳಾಸ ಬರೆದಿಡಬೇಕಿತ್ತು. ಹದಿನೆಂಟು ವರ್ಷಗಳ ಬಳಿಕ, 1986ರಲ್ಲಿ, ಅದೇ ಕಾಂಗ್ರೆಸ್ಸು ಆ ನಿಯಮವನ್ನು ಕೈಬಿಟ್ಟಿತು. ಆ ಪುಸ್ತಕಗಳಿಂದ ಅಪರಾಧ ಪತ್ತೆಗೆ ಹೇಳಿಕೊಳ್ಳುವಂಥ ಉಪಯೋಗವಾಗಿಲ್ಲ ಎಂಬ ಅಭಿಪ್ರಾಯ ಕಾನೂನು ಜಾರಿ ಮಾಡುವ ಇಲಾಖೆಯಿಂದಲೇ ಬಂದಿತ್ತು. ಇದಕ್ಕೆ ಎದುರಾಗಿ ನ್ಯೂಯಾರ್ಕಿನ ಸೆನೆಟರ್ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ತೊಂಬತ್ತರ ದಶಕದಲ್ಲಿ ಇನ್ನೊಂದು ಲೆಕ್ಕ ಮುಂದಿಟ್ಟರು: ದೇಶದಲ್ಲಿರುವ ಬಂದೂಕುಗಳು ಇನ್ನೂರು ವರ್ಷ ಬಾಳಿಕೆ ಬಂದಾವು, ಗುಂಡಿನ ದಾಸ್ತಾನಾದರೋ ನಾಲ್ಕೇ ವರ್ಷಕ್ಕೆ ಸಾಕು, ಆದ್ದರಿಂದ ಹಿಡಿತ ಸಾಧಿಸಬೇಕಾದದ್ದು ಗುಂಡಿನ ಮೇಲೆ. ಎರಡೂ ಮಾತಿನಲ್ಲಿ ಹುರುಳಿದೆ. ದಾಖಲೆ ಬರೆದಿಟ್ಟು ಯಾರೂ ತಿರುವಿ ನೋಡದಿದ್ದರೆ ಅದು ಬರೀ ಕಾಗದ. ಅದೇ ವೇಳೆ, ಬಳಸಿದಂತೆ ಮುಗಿದುಹೋಗಿ ಮತ್ತೆ ಮತ್ತೆ ಕೊಳ್ಳಲೇಬೇಕಾದ ವಸ್ತುವಿನ ಮೇಲೆ ಕಾನೂನಿನ ಕಣ್ಣು ನಿಲ್ಲುವುದು, ಒಮ್ಮೆ ಕೊಂಡು ಮೂರು ತಲೆಮಾರು ಇಟ್ಟುಕೊಳ್ಳುವ ವಸ್ತುವಿನ ಮೇಲೆ ನಿಲ್ಲುವುದಕ್ಕಿಂತ ಸುಲಭ.

ಸಗಟು ಖರೀದಿಯ ಪರವಾಗಿ ಹೇಳಬಹುದಾದ ಅತ್ಯಂತ ಗಟ್ಟಿಯಾದ ಮಾತು ಕೈಯ ಅಭ್ಯಾಸಕ್ಕೆ ಸಂಬಂಧಿಸಿದ್ದು. ಪಿಸ್ತೂಲು ಹೊಡೆಯಲು ಕಲಿಯುವವರ ಮೊದಲ ಶತ್ರು ಅವರದೇ ಮಣಿಕಟ್ಟು. ಕುದುರೆ ಎಳೆಯುವ ಆ ಅರೆಕ್ಷಣಕ್ಕೆ ಮುಂಚೆಯೇ ಮೈ ಸದ್ದನ್ನೂ ಹಿಂದೂಡುವ ಪೆಟ್ಟನ್ನೂ ನಿರೀಕ್ಷಿಸಿ ಬಿಗಿಯಾಗುತ್ತದೆ. ನಳಿಕೆ ಕೂದಲೆಳೆಯಷ್ಟು ಕೆಳಗೆ ಬಾಗುತ್ತದೆ. ಇಪ್ಪತ್ತೈದು ಮೀಟರ್ ಆಚೆ ಗುಂಡು ಗುರಿಹಲಗೆಯ ತಳಭಾಗಕ್ಕೆ ತಾಗುತ್ತದೆ. ತರಬೇತುದಾರರು ಶಿಷ್ಯರಿಗೆ ತಿಳಿಯದಂತೆ ನಿಜವಾದ ಗುಂಡುಗಳ ನಡುವೆ ಒಂದೆರಡು ಹುಸಿ ಗುಂಡು ತುಂಬಿಕೊಡುತ್ತಾರೆ. ಹುಸಿ ಗುಂಡಿನ ಸರದಿ ಬಂದಾಗ ಪಿಸ್ತೂಲು ‘ಟಕ್’ ಎಂದು ಸುಮ್ಮನಾಗುತ್ತದೆ, ಕೈ ಮಾತ್ರ ಕೆಳಕ್ಕೆ ಜಗ್ಗಿರುವುದು ಎಲ್ಲರಿಗೂ ಕಾಣುತ್ತದೆ. ಈ ದೋಷ ಹೋಗಬೇಕಾದರೆ ಸದ್ದು ಮೈಗೆ ಒಗ್ಗಬೇಕು, ಒಗ್ಗಬೇಕಾದರೆ ನೂರಾರು ಬಾರಿ ಹೊಡೆಯಬೇಕು, ತಿಂಗಳುಗಟ್ಟಲೆ. ರೇಂಜಿನಲ್ಲಿ ಒಂದು ಸಂಜೆಗೆ ನೂರು ಗುಂಡು ಮುಗಿಯುವುದು ದುಂದುಗಾರಿಕೆ ಎನಿಸುವುದಿಲ್ಲ. ಅಭ್ಯಾಸವಿಲ್ಲದ ಕೈಯಲ್ಲಿ ಆಯುಧ ಇರುವುದು ಸಮಾಜಕ್ಕೆ ಕ್ಷೇಮವೇ ಎಂದು ಸಗಟು ಖರೀದಿಯ ಪರವಾಗಿರುವವರು ಕೇಳಿದಾಗ ಉತ್ತರ ಸುಲಭವಲ್ಲ. ನ್ಯೂಯಾರ್ಕ್ ಪೊಲೀಸರ ಬಂದೂಕು ತರಬೇತಿಯನ್ನು ರ್‍ಯಾಂಡ್ ಸಂಶೋಧನಾ ಸಂಸ್ಥೆ 2008ರಲ್ಲಿ ಪರಿಶೀಲಿಸಿದಾಗ, ಎದುರಾಳಿಯೂ ಗುಂಡು ಹಾರಿಸುತ್ತಿದ್ದ ಘಟನೆಗಳಲ್ಲಿ ಪೊಲೀಸರ ಗುಂಡುಗಳ ಪೈಕಿ ಗುರಿ ಮುಟ್ಟಿದ್ದು ಶೇ 18ರಷ್ಟು ಮಾತ್ರ ಎಂದು ಕಂಡುಬಂತು. ಎದುರಾಳಿ ಹಾರಿಸದೆ ಇದ್ದಾಗಲೂ ಅದು ಶೇ 30ನ್ನು ದಾಟಿರಲಿಲ್ಲ. ಗುರಿ ತಪ್ಪಿದ ಪ್ರತಿ ಗುಂಡೂ ಬೀದಿಯಲ್ಲಿ ಎಲ್ಲೋ ಹೋಗಿ ನಿಲ್ಲಬೇಕಷ್ಟೆ.

ಇದಕ್ಕೆ ಎದುರು ಪಕ್ಷದವರಲ್ಲೂ ತೂಕದ ಉತ್ತರವಿದೆ. ಗುರಿಕಾರಿಕೆಯ ಬಹುಭಾಗ ಗುಂಡಿಲ್ಲದೆಯೇ ಕಲಿಯುವಂಥದ್ದು. ಒಲಿಂಪಿಕ್ ಮಟ್ಟದ ಶೂಟರುಗಳು ಖಾಲಿ ಪಿಸ್ತೂಲು ಹಿಡಿದು ಗೋಡೆಗೆ ಎದುರಾಗಿ ನಿಂತು ದಿನಗಟ್ಟಲೆ ಕುದುರೆ ಎಳೆಯುತ್ತಾರೆ. ಉಸಿರು, ನಿಲುವು, ಬೆರಳಿನ ಒತ್ತಡ ಅಲ್ಲೇ ತಿದ್ದಿಕೊಳ್ಳುತ್ತದೆ. ಏರ್ ಪಿಸ್ತೂಲಿಗೆ ಮದ್ದೇ ಬೇಕಿಲ್ಲ. ಪೊಲೀಸರಿಗೆ ಹೆಚ್ಚು ತರಬೇತಿ ಬೇಕು ಎಂಬುದರಿಂದ ಖಾಸಗಿ ವ್ಯಕ್ತಿಯ ಮನೆಯ ಕಪಾಟಿನಲ್ಲಿ ಸಾವಿರ ಗುಂಡು ಇರಬೇಕು ಎಂದು ಸಿದ್ಧವಾಗುವುದೂ ಇಲ್ಲ. ಅಭ್ಯಾಸ ನಡೆಯುವುದು ರೇಂಜಿನಲ್ಲಿ. ಹಾಗಿದ್ದ ಮೇಲೆ ಗುಂಡು ಅಲ್ಲೇ ಸಿಕ್ಕಿ ಅಲ್ಲೇ ಮುಗಿದರೆ ಅಭ್ಯಾಸಕ್ಕೆ ಏನು ಕೊರತೆ ಎಂದು ಅವರು ಕೇಳುತ್ತಾರೆ. ನನ್ನ ಮಟ್ಟಿಗೆ ಈ ಪ್ರಶ್ನೆ ಇಡೀ ಚರ್ಚೆಯ ಕೀಲು. ಇದಕ್ಕೆ ಆಮೇಲೆ ಬರುತ್ತೇನೆ.

ಕೊರತೆ ಉಂಟು ಎನ್ನುವವರು ಬೆಲೆಯನ್ನು ತೋರಿಸುತ್ತಾರೆ. ಡಬ್ಬಿಗಿಂತ ಪೆಟ್ಟಿಗೆ ಅಗ್ಗ, ರೇಂಜಿನ ಕೌಂಟರಿಗಿಂತ ಆನ್‌ಲೈನ್ ಅಗ್ಗ. ವಾರಕ್ಕೊಮ್ಮೆ ಹೊಡೆಯುವ ಸಂಬಳದಾರರಿಗೆ ವರ್ಷದ ಕೊನೆಗೆ ಅದು ದೊಡ್ಡ ಮೊತ್ತವಾಗುತ್ತದೆ. 2020ರ ಸೋಂಕಿನ ಕಾಲದಲ್ಲಿ ಅಂಗಡಿಗಳ ಕಪಾಟು ಖಾಲಿಯಾಗಿ, ಇಪ್ಪತ್ತು ಸೆಂಟಿನ ಆಸುಪಾಸಿನಲ್ಲಿದ್ದ 9 ಮಿಲಿಮೀಟರ್ ಗುಂಡಿನ ಬೆಲೆ ಮೂರು ಪಟ್ಟು, ಕೆಲವೆಡೆ ಅದಕ್ಕೂ ಹೆಚ್ಚು ಏರಿತು. ಮೊದಲೇ ಕೊಂಡಿಟ್ಟಿದ್ದವರ ಅಭ್ಯಾಸ ಮಾತ್ರ ನಿಲ್ಲಲಿಲ್ಲ. ಸ್ಪರ್ಧೆಗೆ ಇಳಿಯುವವರಿಗೆ ಇನ್ನೊಂದು ಕಾರಣವೂ ಇದೆ. ಒಂದೇ ಬ್ಯಾಚಿನಲ್ಲಿ ತಯಾರಾದ ಗುಂಡುಗಳ ನಡೆ ಒಂದೇ ಬಗೆಯಾಗಿರುತ್ತದೆ, ಅದರಲ್ಲೂ .22 ಅಳತೆಯ ಗುಂಡುಗಳಲ್ಲಿ ಬ್ಯಾಚಿನಿಂದ ಬ್ಯಾಚಿಗೆ ಕಾಣುವ ವ್ಯತ್ಯಾಸ ಒಂದೆರಡು ಅಂಕ ಕಸಿಯಬಲ್ಲದು. ತಮ್ಮ ನಳಿಕೆಗೆ ಒಗ್ಗುವ ಬ್ಯಾಚನ್ನು ಪರೀಕ್ಷಿಸಿ ಆರಿಸಿ, ಋತುವಿಗೆ ಸಾಲುವಷ್ಟನ್ನು ಒಮ್ಮೆಲೇ ಕೊಳ್ಳುವುದು ಆ ಕ್ರೀಡೆಯ ರೂಢಿ. ಮನೆಯಲ್ಲಿ ಅಷ್ಟು ಗುಂಡಿದ್ದರೆ ಬೆಂಕಿ ಬಿದ್ದಾಗ ಬಾಂಬಿನಂತೆ ಸಿಡಿಯುತ್ತದೆ ಎಂಬ ಭಯವೂ ಅಷ್ಟೇನೂ ನಿಲ್ಲುವುದಿಲ್ಲ. ಪಿಸ್ತೂಲಿನ ಕೋಣೆಯೊಳಗೆ ಬಿಗಿಯಾಗಿ ಕೂರದ ಗುಂಡು ಕಾದಾಗ ಒಂದೊಂದಾಗಿ ಪಟಪಟನೆ ಒಡೆಯುತ್ತದೆ, ಆಯುಧದಿಂದ ಹೊರಟ ವೇಗ ಅದಕ್ಕೆ ಬರುವುದಿಲ್ಲ. ಅಮೆರಿಕದ ತಯಾರಕರ ಒಕ್ಕೂಟ ಅಗ್ನಿಶಾಮಕ ಸಿಬ್ಬಂದಿಗೆ ಇದನ್ನು ಪ್ರಯೋಗ ಮಾಡಿಯೇ ತೋರಿಸಿದೆ.

ಇಷ್ಟೆಲ್ಲ ಕೇಳಿದ ಮೇಲೂ ಕೊಲರಾಡೊದ ಅರೋರಾ ಪಟ್ಟಣದ ನೆನಪು ಪಕ್ಕಕ್ಕೆ ಸರಿಯುವುದಿಲ್ಲ. 2012ರ ಜುಲೈ 20ರ ನಡುರಾತ್ರಿ ಚಿತ್ರಮಂದಿರವೊಂದಕ್ಕೆ ನುಗ್ಗಿದ ಯುವಕನೊಬ್ಬ ಹನ್ನೆರಡು ಮಂದಿಯನ್ನು ಕೊಂದ. ಎಪ್ಪತ್ತರಷ್ಟು ಜನ ಗಾಯಗೊಂಡರು. ಅದಕ್ಕೆ ಮುಂಚಿನ ವಾರಗಳಲ್ಲಿ ಆತ ಆನ್‌ಲೈನಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಗುಂಡು ತರಿಸಿಕೊಂಡಿದ್ದ. ಮಾರಿದವರು ಯಾರೂ ಅವನ ಮುಖ ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಮಗಳನ್ನು ಕಳೆದುಕೊಂಡ ತಂದೆತಾಯಿ ಗುಂಡು ಮಾರಿದ ಕಂಪನಿಯ ಮೇಲೆ ಹೂಡಿದ ದಾವೆ 2005ರ ಒಂದು ಕೇಂದ್ರ ಕಾನೂನಿನ ರಕ್ಷಣೆಯಿಂದಾಗಿ ಬಿದ್ದುಹೋಯಿತು. ಸಾಲದ್ದಕ್ಕೆ ಎದುರುದಾರರ ವಕೀಲರ ಖರ್ಚು ಎರಡು ಲಕ್ಷ ಡಾಲರಿಗೂ ಹೆಚ್ಚು ಅವರ ತಲೆಗೇ ಬಂತು. ಆರು ವರ್ಷಗಳ ಬಳಿಕ ಟೆಕ್ಸಸಿನ ಸ್ಯಾಂಟಾ ಫೆ ಶಾಲೆಯಲ್ಲಿ ಹತ್ತು ಜನ ಸತ್ತಾಗ, ಹತ್ಯೆ ನಡೆಸಿದ ಹದಿನೇಳರ ಹುಡುಗ ವಯಸ್ಸಿನ ಪುರಾವೆಯನ್ನೇ ತೋರಿಸದೆ ಆನ್‌ಲೈನಿನಲ್ಲಿ ಗುಂಡು ಕೊಂಡಿದ್ದ ಸಂಗತಿ ಹೊರಬಿತ್ತು. ಸತ್ತವರ ಮನೆಯವರು ಹೂಡಿದ ದಾವೆ 2023ರಲ್ಲಿ ರಾಜಿಯಲ್ಲಿ ಮುಗಿಯಿತು, ಕೊಳ್ಳುವವರ ವಯಸ್ಸನ್ನು ಖಾತ್ರಿ ಮಾಡಿಕೊಳ್ಳಲು ಮಾರಾಟಗಾರ ಕಂಪನಿ ಒಪ್ಪಿಕೊಂಡಿತು. ಇಷ್ಟು ಸಾದಾ ಎಚ್ಚರಿಕೆಗೆ ಹತ್ತು ಜೀವ ಬೇಕಾಯಿತೇ ಎಂದು ಆ ಮನೆಗಳವರು ಕೇಳಿದರೆ ಯಾವ ಹಕ್ಕಿನ ವಾದವೂ ಅವರ ಮುಂದೆ ಸಣ್ಣದಾಗಿ ಕಾಣುತ್ತದೆ.

ಆದರೂ ಅರೋರಾದ ಪ್ರಕರಣವನ್ನು ತಣ್ಣಗೆ ಬಿಡಿಸಿ ನೋಡಿದರೆ ಅದು ಯಾವ ನಿಯಮವನ್ನು ಸಮರ್ಥಿಸುತ್ತದೆ ಎಂಬುದು ಅಷ್ಟು ಸ್ಪಷ್ಟವಿಲ್ಲ. ಆತ ಚಿತ್ರಮಂದಿರದಲ್ಲಿ ಹಾರಿಸಿದ್ದು ಎಪ್ಪತ್ತಾರು ಗುಂಡು. ಉಳಿದ ಸಾವಿರಾರು ಗುಂಡುಗಳಿಗೂ ಆ ಸಾವುಗಳಿಗೂ ಸಂಬಂಧವಿರಲಿಲ್ಲ. ಒಮ್ಮೆಗೆ ಇನ್ನೂರೇ ಕೊಳ್ಳಬೇಕು ಎಂಬ ಮಿತಿಯಿದ್ದರೂ ಆ ರಾತ್ರಿ ನಡೆದದ್ದು ನಡೆಯುತ್ತಿತ್ತು. ಹಿನ್ನೆಲೆ ತಪಾಸಣೆಯೂ ಅವನನ್ನು ತಡೆಯುತ್ತಿರಲಿಲ್ಲ. ಬಂದೂಕುಗಳನ್ನು ಆತ ಅಂಥ ತಪಾಸಣೆಯಲ್ಲಿ ಪಾಸಾಗಿಯೇ ಕೊಂಡಿದ್ದ. ಇನ್ನೂ ದೊಡ್ಡ ಚಿತ್ರವನ್ನು ನೋಡಿದರೆ, 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತ 48,830 ಜನರ ಪೈಕಿ 26,328 ಮಂದಿಯದು ಆತ್ಮಹತ್ಯೆ. ಅದಕ್ಕೆ ಒಂದೇ ಗುಂಡು ಸಾಕು. ಹಾಗಾಗಿ ಸಂಖ್ಯೆಯ ಮಿತಿ ಎಂಬುದು ಅಪಾಯವನ್ನು ಅಳೆಯುವ ಸರಿಯಾದ ಮಾನದಂಡವಲ್ಲ ಎಂಬ ವಾದವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಮಿತಿ ಹೆಚ್ಚಾಗಿ ತಾಗುವುದು ಹೆಚ್ಚು ಹೊಡೆಯುವವರಿಗೆ, ಅಂದರೆ ನಿಯಮಿತವಾಗಿ ಅಭ್ಯಾಸ ಮಾಡುವವರಿಗೆ.

ಎಷ್ಟು ಎಂಬುದು ಮುಖ್ಯವಲ್ಲವಾದರೆ ಯಾರು ಎಂಬುದು ಮುಖ್ಯವಾಗಲೇಬೇಕು. ತಪಾಸಣೆಯನ್ನು ಬೆಂಬಲಿಸುವವರ ನಿಜವಾದ ಬಲ ಇಲ್ಲಿದೆ. ಲಾಸ್ ಏಂಜಲಿಸ್ ನಗರದಲ್ಲಿ ಗುಂಡಿನ ಮಾರಾಟವನ್ನು ದಾಖಲಿಸುವ ಸ್ಥಳೀಯ ನಿಯಮವಿತ್ತು. 2000ನೇ ಇಸವಿಯ ಏಪ್ರಿಲ್, ಮೇ ತಿಂಗಳುಗಳ ದಾಖಲೆಗಳನ್ನು ಸಂಶೋಧಕರು ಪೊಲೀಸ್ ಕಡತಗಳೊಂದಿಗೆ ಹೋಲಿಸಿದಾಗ, ಕೊಂಡ ಎರಡು ಸಾವಿರ ಚಿಲ್ಲರೆ ಜನರಲ್ಲಿ ಶೇ 2.6ರಷ್ಟು ಮಂದಿ ಕಾನೂನಿನ ಪ್ರಕಾರ ಗುಂಡು ಮುಟ್ಟಲೇಬಾರದವರು ಎಂದು ತಿಳಿಯಿತು. ಆ ಎರಡು ತಿಂಗಳಲ್ಲಿ ಅವರು ಹತ್ತು ಸಾವಿರಕ್ಕೂ ಹೆಚ್ಚು ಗುಂಡುಗಳನ್ನು ರಾಜಾರೋಷವಾಗಿ ಅಂಗಡಿಯಲ್ಲೇ ಕೊಂಡಿದ್ದರು. ಅಪರಾಧಿಗಳು ಅಂಗಡಿಗೆ ಬರುವುದೇ ಇಲ್ಲ ಎಂಬ ಮಾತು ಇದರಿಂದ ಸುಳ್ಳಾಯಿತು. ಬಂದೂಕು ಇಟ್ಟುಕೊಳ್ಳಬಾರದು ಎಂದು ನ್ಯಾಯಾಲಯವೇ ಹೇಳಿದವರಿಗೆ ಅದರ ಗುಂಡನ್ನು ಕೇಳದೆ ಕೊಡುವುದು ಆ ತೀರ್ಪಿನ ಅರ್ಧವನ್ನು ಅಳಿಸಿಹಾಕಿದಂತೆ.

ಆದರೆ ಆ ಕೆಲವರನ್ನು ಹಿಡಿಯಲು ಬೀಸಿದ ಬಲೆಗೆ ಬಿದ್ದವರು ಯಾರು? ಕ್ಯಾಲಿಫೋರ್ನಿಯಾದ ಪದ್ಧತಿಯಲ್ಲಿ ಅಂಗಡಿಯವನು ಕೊಳ್ಳುವವರ ಹೆಸರು, ಹುಟ್ಟಿದ ದಿನ, ಗುರುತಿನ ಸಂಖ್ಯೆ ಮತ್ತು ವಿಳಾಸವನ್ನು ರಾಜ್ಯದ ಬಂದೂಕು ದಾಖಲೆಯೊಂದಿಗೆ ತಾಳೆ ನೋಡುತ್ತಾನೆ. ಎಲ್ಲ ಕೂಡಿಬಂದರೆ ಕೆಲವೇ ನಿಮಿಷದ ಕೆಲಸ. ಆರಂಭದಲ್ಲಿ ಶುಲ್ಕ ಒಂದು ಡಾಲರ್. ಹತ್ತು ವರ್ಷದ ಹಿಂದೆ ಪಿಸ್ತೂಲು ಕೊಂಡವರು ಆಮೇಲೆ ಮನೆ ಬದಲಿಸಿ, ಚಾಲನಾ ಪರವಾನಗಿಯಲ್ಲಿ ಹೊಸ ವಿಳಾಸ, ದಾಖಲೆಯಲ್ಲಿ ಹಳೆಯದು ಉಳಿದುಕೊಂಡಿದ್ದರೆ ಖರೀದಿ ತಿರಸ್ಕೃತ. ದಾಖಲೆಯಲ್ಲಿ ಹೆಸರೇ ಇಲ್ಲದವರು ಹತ್ತೊಂಬತ್ತು ಡಾಲರ್ ಕಟ್ಟಿ ದಿನಗಟ್ಟಲೆ ಕಾಯಬೇಕಿತ್ತು. ಮೊದಲ ತಿಂಗಳುಗಳಲ್ಲಿ ಹೀಗೆ ಮರಳಿಹೋದವರು ನೂರಕ್ಕೆ ಸುಮಾರು ಹದಿನಾರು. ನಾಲ್ಕು ವರ್ಷಗಳ ಬಳಿಕವೂ ಸುಮಾರು ಹನ್ನೊಂದು. ಅವರಲ್ಲಿ ನಿಜವಾಗಿ ನಿಷೇಧಕ್ಕೆ ಒಳಗಾದವರ ಪಾಲು ತೀರಾ ಸಣ್ಣದು. ಈ ಕಾನೂನನ್ನು 2018ರಲ್ಲಿ ನ್ಯಾಯಾಲಯಕ್ಕೆ ಎಳೆದವರಲ್ಲಿ ಮೊದಲ ಹೆಸರು ಕಿಮ್ ರೋಡ್ ಅವರದು. 1996ರ ಅಟ್ಲಾಂಟಾದಿಂದ 2016ರ ರಿಯೊವರೆಗೆ ಆರು ಒಲಿಂಪಿಕ್ಸುಗಳಲ್ಲೂ ಪದಕ ಗೆದ್ದ ಶೂಟರ್ ಅವರು. ಅವರ ಆಯುಧ ಪಿಸ್ತೂಲಲ್ಲ, ಶಾಟ್‌ಗನ್. ದಿನಕ್ಕೆ ನೂರಾರು ಗುಂಡು ಹೊಡೆಯುವ ಆ ಅಭ್ಯಾಸದ ಪ್ರಮಾಣ ಮಾತ್ರ ಪಿಸ್ತೂಲಿನ ಸ್ಪರ್ಧಿಗಳಿಗೂ ಅಪರಿಚಿತವಲ್ಲ. ದೇಶದ ಬಾವುಟ ಹಿಡಿದು ನಡೆದವರು ಗುಂಡು ಕೊಳ್ಳಲು ಪ್ರತಿ ಬಾರಿಯೂ ತಾವು ಅಪರಾಧಿಯಲ್ಲ ಎಂದು ತೋರಿಸಬೇಕೇ ಎಂಬ ಅವರ ಪಕ್ಷದ ಪ್ರಶ್ನೆಯನ್ನು ಬರೀ ಅಹಂಕಾರ ಎಂದು ತಳ್ಳಿಹಾಕುವಂತಿಲ್ಲ.

ಆ ದಾವೆಯಲ್ಲಿ ನ್ಯಾಯಾಧೀಶ ರೋಜರ್ ಬೆನಿಟೆಜ್ 2020ರ ಏಪ್ರಿಲ್‌ನಲ್ಲಿ, ಮತ್ತೆ 2024ರ ಜನವರಿಯಲ್ಲಿ ಕಾನೂನು ಸಂವಿಧಾನಬಾಹಿರ ಎಂದರು. ಎರಡೂ ಬಾರಿ ಮೇಲಿನ ನ್ಯಾಯಾಲಯ ತಡೆಯಾಜ್ಞೆ ಕೊಟ್ಟು ಕಾನೂನನ್ನು ಉಳಿಸಿತು. 2025ರ ಜುಲೈನಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ಪೀಠವೂ ಒಬ್ಬರ ವಿರುದ್ಧ ಇಬ್ಬರ ಬಹುಮತದಿಂದ ಬೆನಿಟೆಜ್ ಅವರ ಕಡೆಗೇ ವಾಲಿತು; ರಾಜ್ಯ ಸರ್ಕಾರ ಅಲ್ಲಿಗೂ ಬಿಡಲಿಲ್ಲ. ಕಾನೂನು ಪಂಡಿತರೇ ಹೀಗೆ ಒಡೆದುಹೋಗಿರುವಾಗ ಎದುರು ಪಕ್ಷದವರನ್ನು ರಕ್ತಪಿಪಾಸುಗಳೆಂದೋ ಸರ್ವಾಧಿಕಾರಿಗಳೆಂದೋ ಕರೆಯುವುದು ಅನ್ಯಾಯ.

ಆ ನೆಲದಲ್ಲಿ ನೆಲೆಸಿರುವ ಕನ್ನಡಿಗರಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲೇ ಹೇಳಬೇಕು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ; ಬೇಟೆಯ ಪರವಾನಗಿ ಇರುವವರಿಗೆ ಮತ್ತು ಇನ್ನು ಕೆಲವರಿಗೆ ಮಾತ್ರ ವಿನಾಯಿತಿ. ಗ್ರೀನ್ ಕಾರ್ಡ್ ಇರುವವರಿಗೆ ಈ ತೊಡಕಿಲ್ಲ. ವಾರಾಂತ್ಯಕ್ಕೆ ಗೆಳೆಯರ ಜೊತೆ ರೇಂಜಿಗೆ ಹೋಗಿ ಬಾಡಿಗೆ ಪಿಸ್ತೂಲಿಗೆ ಒಂದು ಡಬ್ಬಿ ಗುಂಡು ತೆಗೆದುಕೊಳ್ಳುವ ಸಾಫ್ಟ್‌ವೇರ್ ಹುಡುಗರಲ್ಲಿ ಎಷ್ಟೋ ಮಂದಿಗೆ ಇದು ಗೊತ್ತಿರುವುದಿಲ್ಲ. ಕೇಳುವ ವ್ಯವಸ್ಥೆ ಇದ್ದರೆ ಅದು ಅವರನ್ನು ಅರಿಯದ ಅಪರಾಧದಿಂದ ಕಾಪಾಡುತ್ತದೆ. ತಪಾಸಣೆ ಎಂಬುದು ಯಾವಾಗಲೂ ಕೊಳ್ಳುವವರ ವಿರುದ್ಧವೇ ಕೆಲಸ ಮಾಡುತ್ತದೆ ಎನ್ನಲಾಗದು.

ನಮ್ಮ ದೇಶದ ಅನುಭವ ಇದಕ್ಕೆ ತದ್ವಿರುದ್ಧ ತುದಿಯದು. ಇಲ್ಲಿ ಸಾಮಾನ್ಯವಾಗಿ ಪರವಾನಗಿ ಇಲ್ಲದೆ ಒಂದು ಗುಂಡೂ ಸಿಗುವುದಿಲ್ಲ. ಸಿಕ್ಕರೂ ಎಣಿಸಿ ಕೊಡುತ್ತಾರೆ. 2016ರ ಆಯುಧ ನಿಯಮಗಳಲ್ಲಿ ಕ್ರೀಡಾಪಟುವಿಗೆ ವರ್ಷಕ್ಕೆಂದು ಗೊತ್ತುಮಾಡಿದ್ದ ಪ್ರಮಾಣ .22ಕ್ಕೆ ಒಂದು ಸಾವಿರ, ಉಳಿದ ಪಿಸ್ತೂಲು ರಿವಾಲ್ವರುಗಳಿಗೆ ಆರುನೂರು. ಇಪ್ಪತ್ತೈದು ಮೀಟರ್ ಸ್ಪರ್ಧೆಯ ಒಂದು ಸುತ್ತಿಗೇ ಅರವತ್ತು ಗುಂಡು ಬೇಕು. ಆರುನೂರು ಎಂದರೆ ಇಡೀ ವರ್ಷಕ್ಕೆ ಹತ್ತು ಸುತ್ತು, ಅದೂ ಗುರಿ ಹೊಂದಿಸಿಕೊಳ್ಳುವ ಪ್ರಾಯೋಗಿಕ ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ಲಂಡನ್ನಿನಲ್ಲಿ 2012ರಲ್ಲಿ ವಿಜಯ್ ಕುಮಾರ್ ರ್‍ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದದ್ದೂ, ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರಲ್ಲಿ ರಿಯೊದ 50 ಮೀಟರ್ ಪಿಸ್ತೂಲು ಸ್ಪರ್ಧೆಯ ಸಾಲಿನಲ್ಲಿ ನಿಂತದ್ದೂ .22 ಗುಂಡಿನ ಬಲದಿಂದಲೇ. ಅಂಥ ಕೈಗಳು ವರ್ಷಕ್ಕೆ ಸಾವಿರ ಗುಂಡಿನಲ್ಲಿ ತಯಾರಾಗುವುದಿಲ್ಲ. ಕೇಂದ್ರ ಗೃಹ ಸಚಿವಾಲಯ 2020ರ ಫೆಬ್ರುವರಿಯಲ್ಲಿ ಆ ಪ್ರಮಾಣವನ್ನು .22ಕ್ಕೆ ಐದು ಸಾವಿರಕ್ಕೂ ಉಳಿದ ಪಿಸ್ತೂಲುಗಳಿಗೆ ಎರಡು ಸಾವಿರಕ್ಕೂ ಏರಿಸಿತು. ಹಿಂದಿನ ಎಣಿಕೆ ಕ್ರೀಡೆಯ ಅಗತ್ಯಕ್ಕೆ ಹೊಂದುತ್ತಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗೆಂದು ಇಲ್ಲಿನ ಬಿಗಿಗೆ ಕಾರಣವೇ ಇಲ್ಲ ಎನ್ನಲಾಗದು. ಕ್ರೀಡೆಯ ಹೆಸರಿನಲ್ಲಿ ಬಂದ ಗುಂಡು ಕಾಳಸಂತೆಗೆ ಹರಿದ ಪ್ರಕರಣಗಳು ಉತ್ತರ ಭಾರತದಲ್ಲಿ ಬೆಳಕಿಗೆ ಬಂದಿವೆ. ಮದುವೆ ದಿಬ್ಬಣದಲ್ಲಿ ಆಕಾಶಕ್ಕೆ ಗುಂಡು ಹಾರಿಸುವ ಚಟಕ್ಕೆ ಬಲಿಯಾದವರು ಎಷ್ಟೋ ಮಂದಿ. ಅದಕ್ಕೆಂದೇ ಆಯುಧ ಕಾಯ್ದೆಯ 2019ರ ತಿದ್ದುಪಡಿ ಎರಡು ವರ್ಷದವರೆಗಿನ ಸೆರೆವಾಸವನ್ನು ಗೊತ್ತುಮಾಡಬೇಕಾಯಿತು. ಇದೇ ದೇಶದೊಳಗೆ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ. 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಲಾಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಆ ನಾಡಿನಲ್ಲಿ ಕೋವಿಗೆ ಮರ್ಯಾದೆ ಕಲಿಸುವ ಹಿರಿಯರಿದ್ದಾರೆ. ಅಂಥ ಒಳಗಿನ ಕಟ್ಟುಪಾಡು ಇರುವಲ್ಲಿ ಸಡಿಲ ಕಾನೂನೂ ನಡೆಯುತ್ತದೆ, ಇಲ್ಲದಲ್ಲಿ ಬಿಗಿ ಕಾನೂನೂ ಸೋರುತ್ತದೆ. ಕೊಡಗಿನದು ಉದ್ದ ನಳಿಕೆಯ ಕೋವಿಯ ಪರಂಪರೆ, ಅಂಗಿಯೊಳಗೆ ಅಡಗುವ ಪಿಸ್ತೂಲಿನದಲ್ಲ ಎಂಬ ವ್ಯತ್ಯಾಸವನ್ನೂ ಮರೆಯಬಾರದು.

ಎರಡೂ ಪಕ್ಷಗಳು ಅಷ್ಟಾಗಿ ಎತ್ತದ ಒಂದು ವೆಚ್ಚವೂ ಇದೆ. ಮುಚ್ಚಿದ ರೇಂಜಿನಲ್ಲಿ ಪ್ರತಿ ಹೊಡೆತಕ್ಕೂ ಸೀಸದ ಸೂಕ್ಷ್ಮ ಧೂಳು ಏಳುತ್ತದೆ, ಗುಂಡಿನಿಂದಲೂ ಅದರ ಹಿಂಬದಿಯ ಕಿಡಿಮದ್ದಿನಿಂದಲೂ. ಗಾಳಿಯಾಟ ಸರಿಯಿಲ್ಲದ ರೇಂಜುಗಳಲ್ಲಿ ನೌಕರರ ರಕ್ತದಲ್ಲಿ ಸೀಸ ಏರಿದ್ದನ್ನು ಅಮೆರಿಕದ ಆರೋಗ್ಯ ಇಲಾಖೆಗಳು ಮತ್ತೆ ಮತ್ತೆ ಕಂಡಿವೆ. ಗುಂಡು ಅಗ್ಗವಾದಷ್ಟೂ ಧೂಳು ಹೆಚ್ಚು. ಆ ದೇಶದಲ್ಲಿ ಗುಂಡಿನ ಮೇಲೆ ಶೇ 11ರ ಕೇಂದ್ರ ತೆರಿಗೆಯಿದ್ದು, 1937ರ ಕಾನೂನಿನಂತೆ ಅದು ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ. 2024ರ ಜುಲೈನಿಂದ ಕ್ಯಾಲಿಫೋರ್ನಿಯಾ ಹಿಂಸಾಚಾರ ತಡೆಗಾಗಿ ತನ್ನದೂ ಶೇ 11 ಸೇರಿಸಿದೆ. ಅಭ್ಯಾಸಿಗಳ ಮೇಲೆ ಹೊರೆ ಎಂದು ಒಂದು ಕಡೆಯವರು, ಕೊಳ್ಳುವವರು ಭರಿಸಬೇಕಾದ ಪಾಲು ಎಂದು ಇನ್ನೊಂದು ಕಡೆಯವರು.

ಇಷ್ಟೆಲ್ಲ ತೂಗಿದ ಮೇಲೆ ನನಗೆ ಅನ್ನಿಸುವುದಿದು: ಗುಂಡು ಎಷ್ಟು ಎಂಬುದಕ್ಕಿಂತ ಅದು ಎಲ್ಲಿ ಮುಗಿಯುತ್ತದೆ ಎಂಬುದನ್ನು ಕಾನೂನು ಹೆಚ್ಚು ಗಮನಿಸಬೇಕು. ಸ್ವಿಟ್ಜರ್ಲೆಂಡಿನ ರೇಂಜುಗಳಲ್ಲಿ ಸರ್ಕಾರದ ರಿಯಾಯಿತಿ ದರದ ಗುಂಡು ಬೇಕಾದಷ್ಟು ಸಿಗುತ್ತದೆ, ಆದರೆ ಅದನ್ನು ಅಲ್ಲೇ ಹೊಡೆದು ಮುಗಿಸಬೇಕು. ಸೈನಿಕರು ಮನೆಯಲ್ಲಿಟ್ಟುಕೊಳ್ಳುತ್ತಿದ್ದ ಗುಂಡಿನ ಡಬ್ಬಿಯನ್ನು ಹಿಂದಕ್ಕೆ ಪಡೆಯಲು 2007ರಲ್ಲಿ ನಿರ್ಧರಿಸಿದ ಮೇಲೂ ಅಲ್ಲಿ ಗುರಿ ಅಭ್ಯಾಸ ಸೊರಗಲಿಲ್ಲ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲೂ ಇಂಥ ಒಂದು ಕಿಂಡಿ ಉಂಟು: ಪರವಾನಗಿ ಇರುವ ರೇಂಜಿನಲ್ಲಿ ಕೊಂಡು ಅದರ ಆವರಣದೊಳಗೇ ಉಳಿಯುವ ಗುಂಡಿಗೆ ತಪಾಸಣೆ ಬೇಕಿಲ್ಲ. ಆ ಕಿಂಡಿಯನ್ನು ಬಾಗಿಲು ಮಾಡುವುದು ಸೂಕ್ತ. ರೇಂಜಿನಲ್ಲಿ ಸಗಟು ಬೆಲೆಗೆ ಗುಂಡು ಸಿಗಲಿ, ಕ್ಲಬ್ಬಿನ ಕೋಣೆಯಲ್ಲಿ ಸದಸ್ಯರ ಹೆಸರಿನಲ್ಲಿ ಅವರು ಆರಿಸಿದ ಬ್ಯಾಚಿನ ಪೆಟ್ಟಿಗೆಗಳು ಬೀಗದೊಳಗಿರಲಿ, ತೆರಿಗೆಯೂ ಅಲ್ಲಿ ಕಡಿಮೆಯಿರಲಿ. ಭಾರತದಲ್ಲೂ ಮಾನ್ಯತೆ ಪಡೆದ ರೇಂಜಿನೊಳಗೆ ಮುಗಿಯುವ ಗುಂಡನ್ನು ವರ್ಷದ ಎಣಿಕೆಯಿಂದ ಹೊರಗಿಟ್ಟರೆ ಕಾಳಸಂತೆಯ ಭಯವಿಲ್ಲದೆಯೇ ಅಭ್ಯಾಸ ಹೆಚ್ಚಬಹುದು. ಇದಕ್ಕೆ ಒಂದು ಎಚ್ಚರಿಕೆ ಸೇರಿಸಬೇಕು. ಬದುಕು ಮುಗಿಸಿಕೊಳ್ಳಲೆಂದೇ ರೇಂಜಿಗೆ ಬಂದು ಪಿಸ್ತೂಲು ಬಾಡಿಗೆಗೆ ಪಡೆದವರಿದ್ದಾರೆ. ಆದ್ದರಿಂದ ಅಮೆರಿಕದ ಹಲವು ರೇಂಜುಗಳು ಒಂಟಿಯಾಗಿ ಬಂದ ಅಪರಿಚಿತರಿಗೆ ಬಾಡಿಗೆ ಕೊಡುವುದಿಲ್ಲ. ಆ ಪದ್ಧತಿ ಎಲ್ಲ ಕಡೆ ಬರಬೇಕು, ಕೌಂಟರಿನಲ್ಲಿ ವೀಸಾದ ಪ್ರಶ್ನೆಯನ್ನೂ ಕೇಳಬೇಕು.

ಮನೆಗೆ ಒಯ್ಯುವ ಗುಂಡಿಗೆ ಸಂಖ್ಯೆಯ ಮಿತಿ ಬೇಡ, ಆದರೆ ಕೊಳ್ಳುವವರು ಯಾರೆಂದು ತಿಳಿದಿರಬೇಕು. ಪ್ರತಿ ಡಬ್ಬಿಗೂ ತಪಾಸಣೆ ಮಾಡುವುದಕ್ಕಿಂತ ವ್ಯಕ್ತಿಯನ್ನು ಒಮ್ಮೆ ಸರಿಯಾಗಿ ಪರಿಶೀಲಿಸಿ ಗುರುತಿನ ಚೀಟಿ ಕೊಡುವ ಇಲಿನಾಯ್ ರಾಜ್ಯದ ದಾರಿ ನನಗೆ ಹೆಚ್ಚು ಸಮಂಜಸವಾಗಿ ಕಾಣುತ್ತದೆ. 1968ರಿಂದ ಅಲ್ಲಿ ಬಂದೂಕಿಗೂ ಗುಂಡಿಗೂ ಅದೇ ಚೀಟಿ, ಈಗ ಅದರ ಅವಧಿ ಹತ್ತು ವರ್ಷ. ಆ ದಾರಿಯ ಕುಂದೂ ಗೊತ್ತಿದೆ. ಅದೇ ಇಲಿನಾಯ್‌ನ ಇನ್ನೊಂದು ಅರೋರಾದಲ್ಲಿ 2019ರ ಫೆಬ್ರುವರಿಯಲ್ಲಿ ಐವರು ಸಹೋದ್ಯೋಗಿಗಳನ್ನು ಕೊಂದವನ ಚೀಟಿ ಐದು ವರ್ಷ ಮುಂಚೆಯೇ ರದ್ದಾಗಿತ್ತು, ಪಿಸ್ತೂಲು ಮಾತ್ರ ಅವನ ಬಳಿಯೇ ಇತ್ತು. ಆದ್ದರಿಂದ ಚೀಟಿ ಇನ್ನೂ ಊರ್ಜಿತವಿದೆಯೇ ಎಂಬುದನ್ನು ಮಾರುವಾಗ ಅಂಗಡಿಯ ಪರದೆಯಲ್ಲಿ ನೋಡುವ ಏರ್ಪಾಡು ಅದಕ್ಕೆ ಸೇರಿಕೊಳ್ಳಬೇಕು, ರದ್ದಾದ ಚೀಟಿಯ ಹಿಂದೆ ಪೊಲೀಸರು ಆ ಮನೆಯ ಬಾಗಿಲು ತಟ್ಟಬೇಕು. ವಿಳಾಸ ಹೊಂದದ ಕಾರಣಕ್ಕೆ ಯಾರನ್ನಾದರೂ ಮರಳಿ ಕಳಿಸಿದರೆ ಕಾರಣವನ್ನೂ ತಿದ್ದುವ ಬಗೆಯನ್ನೂ ಅಲ್ಲೇ ಬರೆದುಕೊಡುವುದು, ಗೊತ್ತಾದ ಕೆಲವೇ ದಿನಗಳೊಳಗೆ ತಿದ್ದಿಕೊಡುವುದು ಸರ್ಕಾರದ ಹೊಣೆಯಾಗಬೇಕು. ತಿದ್ದುವವರೆಗೆ ಅವರು ರೇಂಜಿನ ಗುಂಡಿನಲ್ಲಿ ಅಭ್ಯಾಸ ಮುಂದುವರಿಸಬಹುದು.